ಯಾರೂ ಇಲ್ಲದ ದ್ವೀಪದಲ್ಲಿ ಅಮ್ಮ ಮತ್ತು ನಾನು

ರಾತ್ರಿ ಹನ್ನೊಂದು ಗಂಟೆಗೆ ನಾನು ಕಂಬ ಹತ್ತುತ್ತಿದ್ದೆ. ಕಂಪ್ಯೂಟರ್ ಒಳಗಿನ ಕಂಬ. ಪಕ್ಕದಲ್ಲೇ ಒಂದು ಸಣ್ಣ ಕಟ್ಟಡ, ಮೆಟ್ಟಿಲಿಳಿದರೆ ಜನರೇಟರ್, ಅದರ ಮುಂದೆ ಹತ್ತು ಗುಂಡಿಗಳು. ಒಂದೊಂದು ಗುಂಡಿ ಒತ್ತಿದಾಗ ಒಂದೊಂದು ಲೆಕ್ಕದಲ್ಲಿ ಕರೆಂಟ್ ಏರುತ್ತದೆ. ಸರಿಯಾಗಿ 59 ವೋಲ್ಟ್ ಬರಬೇಕು. ಅದು ಮೀರಿತೋ, ಟ್ರಿಪ್. ಆಮೇಲೆ ಹೊರಗೆ ಬಂದು, ಏಣಿ ಹತ್ತಿ, ಬ್ರೇಕರ್ ಎತ್ತಿ, ಮತ್ತೆ ಕೆಳಗಿಳಿದು ಮೊದಲಿಂದ ಶುರು. ಹಗಲೆಲ್ಲ ಪೀಣ್ಯದಲ್ಲಿ ಕಂಟ್ರೋಲ್ ಪ್ಯಾನೆಲ್ ಜೋಡಿಸುವುದು ನನ್ನ ಕೆಲಸ. ಅಲ್ಲಿ ಬ್ರೇಕರ್ ಎತ್ತಿದರೆ ಸಂಬಳ ಕೊಡುತ್ತಾರೆ. ಇಲ್ಲಿ ನಾನೇ ದುಡ್ಡು ಕೊಟ್ಟು ಎತ್ತುತ್ತಿದ್ದೆ.

ಆಟದ ಹೆಸರು ಮಿಸ್ಟ್. 1993ರದ್ದು. ರ‍್ಯಾಂಡ್ ಮಿಲ್ಲರ್, ರಾಬಿನ್ ಮಿಲ್ಲರ್ ಅಂತ ಅಮೆರಿಕದ ಅಣ್ಣತಮ್ಮಂದಿರು ಕಟ್ಟಿದ್ದು. ಮೊದಲು ಮ್ಯಾಕಿಂಟೋಷ್‌ಗೆ ಬಂತು. ಹೈಪರ್‌ಕಾರ್ಡ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದರು. ಅಂದರೆ ಇಸ್ಪೀಟಿನ ಕಟ್ಟು ಇದ್ದ ಹಾಗೆ, ಒಂದು ಕಾರ್ಡ್ ಮುಟ್ಟಿದರೆ ಇನ್ನೊಂದು ಕಾರ್ಡ್ ಎದುರಿಗೆ ಬರುತ್ತದೆ. ಹಾಗಾಗಿ ಆಟದಲ್ಲಿ ನಡೆಯುವುದು ಅಂತ ಏನೂ ಇಲ್ಲ. ಒಂದು ಚಿತ್ರ, ಕ್ಲಿಕ್, ಇನ್ನೊಂದು ಚಿತ್ರ. ಆದರೂ ಆ ದ್ವೀಪದಲ್ಲಿ ನಿಂತ ಹಾಗೇ ಅನಿಸುತ್ತದೆ. ಅದಕ್ಕೆ ಕಾರಣ ಸದ್ದು. ದಕ್ಕೆಯ ಹತ್ತಿರ ನೀರು ಬಡಿಯುತ್ತದೆ, ಮೇಲೆ ಹೋದರೆ ಗಾಳಿ, ಒಳಗೆ ಬಂದರೆ ಗಾಳಿ ನಿಲ್ಲುತ್ತದೆ. ಇಷ್ಟನ್ನೇ ಇಟ್ಟುಕೊಂಡು ವರ್ಷಗಟ್ಟಲೆ ಅತಿ ಹೆಚ್ಚು ಮಾರಾಟವಾದ ಕಂಪ್ಯೂಟರ್ ಆಟ ಅನ್ನಿಸಿಕೊಂಡಿತ್ತು ಅದು.

ಗುಂಡು ಹಾರಿಸುವ ಆಟಗಳನ್ನೂ ಆಡಿದ್ದೇನೆ. ಅವನ್ನು ಬೈಯುವುದಕ್ಕೆ ನಾನು ಕೂತಿಲ್ಲ. ಆದರೆ ದಿನಾ ಬೆಳಗ್ಗೆ ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇನ್ನಷ್ಟು ಜನ ತುಂಬಿಕೊಂಡು, ಪೀಣ್ಯದವರೆಗೆ ಒಂದೇ ಕೈಯಲ್ಲಿ ನೇತಾಡುವವನಿಗೆ ರಾತ್ರಿ ಮತ್ತೆ ಯಾರೋ ಅಟ್ಟಿಸಿಕೊಂಡು ಬರುವುದು ಬೇಡ ಅನಿಸುತ್ತದೆ. ಮಿಸ್ಟ್‌ನಂಥ ಒಗಟಿನ ಆಟಗಳಲ್ಲಿ ಹೆಚ್ಚಾಗಿ ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ. ಹೆಚ್ಚಿನವುಗಳಲ್ಲಿ ಗಡಿಯಾರ ಇಲ್ಲ. ಅಂಕ ಇಲ್ಲ. ಬಾಗಿಲು ಮುಚ್ಚಿದ್ದರೆ ಅದು ನೀವು ಬಿಡಿಸುವವರೆಗೆ ಮುಚ್ಚಿಯೇ ಇರುತ್ತದೆ, ಒಂದು ತಿಂಗಳಾದರೂ ಏನೂ ಅನ್ನುವುದಿಲ್ಲ. ಬೆಂಗಳೂರಿನಲ್ಲಿ ನನಗಾಗಿ ಒಂದು ತಿಂಗಳು ಕಾಯುವ ವಸ್ತು ಬೇರೆ ಯಾವುದೂ ಇಲ್ಲ.

59 ವೋಲ್ಟ್ ಬರಿಸಿದೆ ಅಂದುಕೊಳ್ಳಿ. ಆಮೇಲೆ ಇನ್ನೊಂದು ಬೀಗ. ದ್ವೀಪದಲ್ಲಿ ರಾಕೆಟ್ ಇದೆ, ಅದರ ಬಾಗಿಲು ಈಗ ತೆರೆಯುತ್ತದೆ. ಒಳಗೆ ಒಂದು ತುದಿಯಲ್ಲಿ ಆರ್ಗನ್ ಪೆಟ್ಟಿಗೆ, ಇನ್ನೊಂದು ತುದಿಯಲ್ಲಿ ಐದು ಸ್ಲೈಡರ್‌ಗಳು. ದ್ವೀಪದ ಲೈಬ್ರರಿಯ ಪುಸ್ತಕವೊಂದರಲ್ಲಿ ಆರ್ಗನ್‌ನ ಯಾವ ಐದು ಕೀ ಒತ್ತಬೇಕು ಅಂತ ಚಿತ್ರ ಇದೆ. ಆ ಐದು ಸ್ವರ ಕೇಳಿಸಿಕೊಂಡು, ನೆನಪಿಟ್ಟುಕೊಂಡು, ಈ ಕಡೆ ಬಂದು ಸ್ಲೈಡರ್‌ಗಳನ್ನು ಅದೇ ಸ್ವರಕ್ಕೆ ನಿಲ್ಲಿಸಬೇಕು. ಅಲ್ಲಿಗೆ ನನ್ನ ಕಥೆ ಮುಗಿಯಿತು. ನನಗೆ ಕಿವಿ ಇಲ್ಲ. ಅಂದರೆ ಇದೆ, ಸುಮ್ನೆ ಇದೆ. ಮೂರು ರಾತ್ರಿ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡಿದೆ. ಆ ಕಡೆ ತಿರುಗುವಷ್ಟರಲ್ಲಿ ಸ್ವರ ಮರೆತುಹೋಗುತ್ತಿತ್ತು.

ನಾಲ್ಕನೇ ರಾತ್ರಿ ಹೆಡ್‌ಫೋನಿನ ಒಂದು ಕಿವಿ ಸತ್ತಿತ್ತು. ಸ್ಪೀಕರ್ ಹಾಕಿದ್ದೆ. ಅಡುಗೆಮನೆಯಲ್ಲಿ ಅಮ್ಮ ಇಡ್ಲಿ ಹಿಟ್ಟಿಗೆ ಉಪ್ಪು ಹಾಕಿ ಕಲೆಸುತ್ತಿದ್ದಳು. ಅಲ್ಲಿಂದಲೇ ಹೇಳಿದಳು:

"ಎರಡನೇದು ತಪ್ಪು ಕಣೋ."

"ಏನು ಎರಡನೇದು?"

"ಮೊದಲು ಬಾರಿಸಿದೆಯಲ್ಲ ಐದು, ಅದರಲ್ಲಿ ಎರಡನೇದು ಇನ್ನೂ ಕೆಳಗಿತ್ತು. ನೀನು ಏರಿಸಿಬಿಟ್ಟಿದ್ದೀಯ."

ಅಮ್ಮ ಚಿಕ್ಕ ವಯಸ್ಸಿನಲ್ಲಿ ಹನುಮಂತನಗರದಲ್ಲೇ ಏಳೆಂಟು ವರ್ಷ ಸಂಗೀತ ಕಲಿತವಳು. ಈಗಲೂ ಶುಕ್ರವಾರ ಶ್ರುತಿಪೆಟ್ಟಿಗೆ ಹಾಕಿಕೊಂಡು ಕೂರುತ್ತಾಳೆ. ಕೈಯಲ್ಲಿ ಹಿಟ್ಟು ಅಂಟಿಸಿಕೊಂಡೇ ಬಂದು ನನ್ನ ಬೆನ್ನ ಹಿಂದೆ ನಿಂತಳು. ಆರ್ಗನ್‌ನಲ್ಲಿ ಒಂದೊಂದೇ ಒತ್ತಿಸಿದಳು. ಒತ್ತಿದ್ದನ್ನು ತಾನು ಬಾಯಲ್ಲಿ ಹಿಡಿದಳು, ಬಿಡಲಿಲ್ಲ. ನಾನು ಸ್ಲೈಡರ್ ಹತ್ತಿರ ಬರುವವರೆಗೂ "ಮ್‌‌ಮ್‌" ಅಂತ ಹಿಡಿದೇ ಇದ್ದಳು. "ಇಳಿಸು. ಇನ್ನೂ. ಜಾಸ್ತಿ ಆಯ್ತು, ಚೂರು ಏರಿಸು. ಹಾಂ, ನಿಲ್ಲಿಸು." ಐದೂ ಹೀಗೇ. ಲಿವರ್ ಎಳೆದೆ. ರಾಕೆಟ್ ಗುಡುಗುಟ್ಟಿತು, ಪುಸ್ತಕವೊಂದರ ಪುಟ ತೆರೆದುಕೊಂಡು ಬೇರೆ ಲೋಕದ ಚಿತ್ರ ಬಂತು, ಅದನ್ನು ಮುಟ್ಟಿದರೆ ಆ ಲೋಕಕ್ಕೇ ಹೋಗುತ್ತೇವೆ. ಮೂರು ರಾತ್ರಿಯ ಕೆಲಸ ನಾಲ್ಕು ನಿಮಿಷದಲ್ಲಿ ಆಯಿತು.

ನಾನು ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ. ಅಮ್ಮ ಮಾತ್ರ ಪರದೆಯನ್ನೇ ನೋಡುತ್ತಾ ಕೇಳಿದಳು: "ಈ ಊರಲ್ಲಿ ಯಾರೂ ಇಲ್ವಾ? ಇಷ್ಟೆಲ್ಲ ಕಟ್ಟಿಟ್ಟು ಎಲ್ಲಿಗೆ ಹೋದರಂತೆ?"

ಆಟ ಮಾಡಿದವರು ಕೇಳಿಸಬೇಕು ಅಂದುಕೊಂಡಿದ್ದ ಪ್ರಶ್ನೆಯೇ ಅದು. ಅವತ್ತಿನಿಂದ ಅಮ್ಮ ಪಕ್ಕದ ಕುರ್ಚಿಗೆ ಬಂದಳು.

ಆ ಪುಟದ ಆಚೆಯ ಲೋಕವೂ ಪೂರ್ತಿ ಸದ್ದಿನದೇ. ಕೊನೆಗೆ ನೆಲದಡಿಯ ಸುರಂಗದಲ್ಲಿ ಗಾಡಿ ಓಡಿಸಬೇಕು. ದಾರಿ ಕಾಣುವುದಿಲ್ಲ. ಪ್ರತಿ ತಿರುವಿನಲ್ಲಿ ಒಂದು ಸದ್ದು ಬರುತ್ತದೆ, ಆ ಸದ್ದೇ ದಿಕ್ಕು. ಇದನ್ನು ಬರೆದಿಟ್ಟುಕೊಳ್ಳುವುದು ಹೇಗೆ? ಇಲ್ಲಿ ಕನ್ನಡ ಕೈ ಹಿಡಿಯಿತು. ಟಿಂಗ್, ಠಣ್, ಪುಸ್, ಬೊಂಯ್. ಎರಡು ದಿಕ್ಕಿನ ನಡುವಿನದಾದರೆ ಎರಡೂ ಸದ್ದು ಒಟ್ಟಿಗೆ ಬರುತ್ತವೆ: ಟಿಂಗ್‌ಪುಸ್. ನೋಟ್‌ಬುಕ್‌ನ ಒಂದಿಡೀ ಪುಟ ಹೀಗೆ ಟಿಂಗ್ ಪುಸ್ ಠಣ್ ಅಂತ ಇದೆ. ಬೇರೆಯವರು ನೋಡಿದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಾರೆ.

ನೋಟ್‌ಬುಕ್ ಅಂದೆನಲ್ಲ. ಗಣಿತಕ್ಕೆ ಕೊಡುವ ಚೌಕದ ನೋಟ್‌ಬುಕ್ಕೇ ಆಗಬೇಕು, ಪೆನ್ಸಿಲ್ಲೇ ಆಗಬೇಕು. ನಕ್ಷೆಗೆ ಚೌಕ ಬೇಕು, ನಕ್ಷೆ ತಪ್ಪಾಗಿಯೇ ಆಗುತ್ತದೆ ಅನ್ನುವುದಕ್ಕೆ ರಬ್ಬರ್ ಬೇಕು. ಫೋನಿನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳುವ ಅಭ್ಯಾಸ ನನಗೂ ಇತ್ತು. ಬಿಟ್ಟುಬಿಟ್ಟೆ. ಫೋಟೊ ತೆಗೆದರೆ ನೋಡುವುದು ಅಲ್ಲಿಗೇ ಮುಗಿಯಿತು. ಕೈಯಲ್ಲಿ ಬಿಡಿಸಿದರೆ ಕಂಬಿ ಎಷ್ಟು, ಯಾವ ಕಡೆ ಬಾಗಿದೆ ಅಂತ ನೋಡಲೇಬೇಕಾಗುತ್ತದೆ. ಅರ್ಧ ಒಗಟು ಅಲ್ಲೇ ಬಿಡಿಸಿದ ಹಾಗೆ.

ಮಿಸ್ಟ್‌ನ ಮುಂದಿನ ಭಾಗ ರಿವೆನ್. 1997ರದ್ದು. ಇದರ ಜೊತೆ ನನ್ನದು ಹಳೇ ಜಗಳ. ಕಾಲೇಜಿನಲ್ಲಿದ್ದಾಗ ಎಸ್.ಪಿ. ರೋಡಿನಲ್ಲಿ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಸೆಟ್ ಕೊಂಡಿದ್ದೆ, ಐದು ಸಿ.ಡಿ.ಯದು. ಆಗ ಒಂದು ದ್ವೀಪದಿಂದ ಇನ್ನೊಂದಕ್ಕೆ ಸಮುದ್ರದ ಮೇಲೆ ಗಾಡಿಯಲ್ಲಿ ಹೊರಟರೆ, ನಡುವೆ ಸಿ.ಡಿ. ಬದಲಿಸು ಅನ್ನುತ್ತಿತ್ತು. ಮೂರನೇ ಸಿ.ಡಿ. ಮೇಲೆ ಅಂಗೈ ಉದ್ದದ ಗೀರು. ಡ್ರೈವ್ ಕಿರ್ ಕಿರ್ ಅಂದು ಸುಮ್ಮನಾಯಿತು. ಕೊಟ್ಟವರು "ಚೆಕ್ ಮಾಡ್ಕೊಂಡು ತಗೊಂಡು ಹೋಗ್ಬೇಕಿತ್ತು" ಅಂದರು. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದೆ, ಬಾಳೆಹಣ್ಣಿನ ಸಿಪ್ಪೆಯಲ್ಲಿ ಉಜ್ಜಿದೆ, ಏನೂ ಆಗಲಿಲ್ಲ. ಆ ಮೂರನೇ ಸಿ.ಡಿ.ಯಲ್ಲಿ ಏನಿತ್ತು ಅಂತ ತಿಳಿಯುವುದಕ್ಕೆ ನನಗೆ ಹದಿನೈದು ವರ್ಷ ಹಿಡಿಯಿತು. ಈಗ ಅದನ್ನು ಕೊಂಡು ಡೌನ್‌ಲೋಡ್ ಮಾಡಿಕೊಳ್ಳಬಹುದು, ಸ್ಕಮ್‌ವಿಎಂ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಹಾಕಿದರೆ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. 2024ರಲ್ಲಿ ಅದನ್ನು ಹೊಸದಾಗಿಯೇ ಕಟ್ಟಿದ್ದಾರೆ, ಆದರೆ ಅದಕ್ಕೆ ಗಟ್ಟಿಯಾದ ಕಂಪ್ಯೂಟರ್ ಬೇಕು, ಒಗಟುಗಳನ್ನೂ ಬದಲಾಯಿಸಿದ್ದಾರೆ. ನನಗೆ ಹಳೆಯದೇ ಬೇಕಿತ್ತು.

ರಿವೆನ್‌ನಲ್ಲಿ ಜನ ಇದ್ದಾರೆ. ಆದರೆ ನಮ್ಮನ್ನು ಕಂಡರೆ ಓಡಿಹೋಗುತ್ತಾರೆ. ಅವರ ಊರಿನಲ್ಲಿ ಒಂದು ಶಾಲೆ, ಖಾಲಿ. ಅಲ್ಲಿ ಮಕ್ಕಳ ಮರದ ಆಟಿಕೆ ಇದೆ. ದಾರಕ್ಕೆ ಎರಡು ಪುಟ್ಟ ಬೊಂಬೆ ಮನುಷ್ಯರನ್ನು ನೇತುಹಾಕಿದ್ದಾರೆ, ಕೆಳಗೆ ಬಾಯಿ ತೆರೆದ ಸಮುದ್ರ ಪ್ರಾಣಿ. ತಿರುಗಿಸಿದರೆ ಒಂದು ಚಿಹ್ನೆ ಬಂದು ನಿಲ್ಲುತ್ತದೆ, ಬೊಂಬೆ ಟಕ್ ಟಕ್ ಟಕ್ ಅಂತ ಕೆಳಗಿಳಿಯುತ್ತದೆ. ಎಷ್ಟು ಟಕ್ ಅನ್ನುತ್ತದೋ ಅಷ್ಟು ಆ ಚಿಹ್ನೆಯ ಬೆಲೆ. ಬೊಂಬೆ ಪ್ರಾಣಿಯ ಬಾಯಿ ಮುಟ್ಟಿದರೆ ಗುಳುಂ.

ಆ ಊರಿನ ಮಕ್ಕಳು ಲೆಕ್ಕ ಕಲಿಯುವುದು ಹೀಗೆ. ನಾವೂ ಹಾಗೇ ಕಲಿಯಬೇಕು, ಬೇರೆ ಮೇಷ್ಟ್ರಿಲ್ಲ. ಅದನ್ನು ಆಡುತ್ತಾ ಆಡುತ್ತಾ ಆ ಊರಿನವರ ಭಯವೂ ಗೊತ್ತಾಗುತ್ತದೆ. ಮಕ್ಕಳಿಗೆ ಒಂದು ಎರಡು ಕಲಿಸುವಾಗಲೇ ಈ ಪ್ರಾಣಿಯ ಬಾಯಿ ತೋರಿಸುತ್ತಾರಲ್ಲ, ಇವರನ್ನು ಆಳುವವನು ಎಂಥವನಿರಬೇಕು! ಒಗಟು ಬೇರೆ, ಕಥೆ ಬೇರೆ ಅಂತ ಇಲ್ಲಿಲ್ಲ. ಹಳೇ ಎಷ್ಟೋ ಸಾಹಸದ ಆಟಗಳಲ್ಲಿ ಹಗ್ಗಕ್ಕೆ ಮೀನು ಕಟ್ಟಿ ಗಡಿಯಾರಕ್ಕೆ ತಗುಲಿಸು ಅನ್ನುವಂಥ ತಲೆಹರಟೆ ಇರುತ್ತಿತ್ತು. ಅಂಥವನ್ನು ಬಿಡಿಸಿದರೂ ಸಿಟ್ಟೇ ಬರುತ್ತದೆ.

ಆಟಿಕೆ ಹತ್ತರವರೆಗೆ ಮಾತ್ರ ಹೇಳಿಕೊಡುತ್ತದೆ. ಅವರ ಲೆಕ್ಕ ನಮ್ಮ ಹಾಗೆ ಹತ್ತರ ಮೇಲೆ ನಿಂತಿಲ್ಲ, 25ರ ಮೇಲೆ ನಿಂತಿದೆ. ಹತ್ತರ ಆಚೆಗೆ ನಾವೇ ಊಹಿಸಬೇಕು. ಎರಡು ವಾರ ಹೊಳೆಯಲಿಲ್ಲ. ಒಂದು ದಿನ ಮೆಟ್ರೊದಲ್ಲಿ ನೋಟ್‌ಬುಕ್ ಹಿಡಿದು ನಿಂತಿದ್ದೆ. ಮಹಾಲಕ್ಷ್ಮಿ ದಾಟಿ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಸ್ಟೇಷನ್ ಬರುತ್ತಿತ್ತು. ಇಳಿಯುವವರು ತಳ್ಳಿದರು, ನೋಟ್‌ಬುಕ್ ಕೈಯಲ್ಲಿ ಅಡ್ಡ ತಿರುಗಿತು. ನೋಡುತ್ತೇನೆ, ನಾನು ಬರೆದಿದ್ದ ಅವರ 1ರ ಚಿಹ್ನೆ ಈಗ 5ರ ಚಿಹ್ನೆ ಆಗಿದೆ! ನಿಂತ ಗೀಟು ಒಂದು, ಅದೇ ಗೀಟು ಮಲಗಿದರೆ ಐದು. ಎರಡನ್ನು ಅಡ್ಡ ಹಾಕಿದರೆ ಹತ್ತು. ಹಾಗಾದರೆ ಮೂರನ್ನು ಅಡ್ಡ ಹಾಕಿದರೆ? ಮನೆಗೆ ಫೋನ್ ಮಾಡಿದೆ. "ಅಮ್ಮಾ, ಹದಿನೈದು ಸಿಕ್ತು!" ಪಕ್ಕದಲ್ಲಿ ನಿಂತಿದ್ದವರು ಸ್ವಲ್ಪ ಸರಿದು ನಿಂತರು. (ನಿಮಗೆ ಒಂದು ಒಗಟು ಕೆಡಿಸಿಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡಿ. ಇನ್ನೂ ಬೇಕಾದಷ್ಟಿವೆ.)

ಸಿಕ್ಕಿಹಾಕಿಕೊಂಡಾಗ ಉತ್ತರ ಹುಡುಕಿ ನೋಡಬಾರದಾ ಅಂತ ಕೇಳುತ್ತಾರೆ. ಒಂದು ಸಲ ನೋಡಿ ಕೆಟ್ಟಿದ್ದೇನೆ. ಔಟರ್ ವೈಲ್ಡ್ಸ್ ಅಂತ 2019ರ ಆಟ. ಸಣ್ಣದೊಂದು ಸೌರಮಂಡಲ, 22 ನಿಮಿಷಕ್ಕೆ ಸೂರ್ಯ ಸಿಡಿಯುತ್ತಾನೆ, ಮತ್ತೆ ಮೊದಲಿಂದ ಶುರು. ಆಯುಧ, ಶಕ್ತಿ, ದುಡ್ಡು ಏನೂ ಕೂಡಿಟ್ಟುಕೊಳ್ಳುವ ಹಾಗಿಲ್ಲ. ಕಳೆದ ಸಲಕ್ಕಿಂತ ಈ ಸಲ ನಿಮಗೆ ಜಾಸ್ತಿ ಗೊತ್ತಿರುತ್ತದೆ, ಅಷ್ಟೇ ಗಳಿಕೆ. ಒಂದು ಗ್ರಹದಲ್ಲಿ ಬೇಸತ್ತು ವಿಡಿಯೊ ನೋಡಿದೆ. ಎರಡೇ ನಿಮಿಷ. ನೋಡಬೇಕಾದ್ದಕ್ಕಿಂತ ಹೆಚ್ಚು ನೋಡಿಬಿಟ್ಟೆ. ಗೊತ್ತಾಗಿದ್ದನ್ನು ಗೊತ್ತಿಲ್ಲದ ಹಾಗೆ ಮಾಡಿಕೊಳ್ಳುವುದು ಹೇಗೆ? ಆ ಆಟ ಒಂದೇ ಸಲ ಆಡಲಿಕ್ಕಾಗುವುದು, ನಾನು ಆ ಸಲವನ್ನು ಹಾಳು ಮಾಡಿಕೊಂಡೆ. ಈಗ ನಮ್ಮ ಮನೆ ನಿಯಮ: ಒಂದು ವಾರ ಕಾಯುವುದು. ಆಗಲೂ ಆಗದಿದ್ದರೆ, ಆಡಿ ಮುಗಿಸಿದ ಸ್ನೇಹಿತನಿಗೆ ಫೋನ್. ಅವನು ಉತ್ತರ ಹೇಳುವ ಹಾಗಿಲ್ಲ. "ಮೇಲೆ ನೋಡಿದ್ದೀಯಾ?" ಅಂತ ಒಂದು ಪ್ರಶ್ನೆ ಕೇಳಬಹುದು. ಮಷಿನೇರಿಯಂ ಅನ್ನುವ ಚೆಕ್ ದೇಶದ ಆಟದಲ್ಲಿ ಇದಕ್ಕೊಂದು ಒಳ್ಳೆ ಉಪಾಯ ಮಾಡಿದ್ದಾರೆ. ಉತ್ತರದ ಪುಸ್ತಕ ಆಟದೊಳಗೇ ಇದೆ, ಆದರೆ ಅದರ ಬೀಗ ತೆಗೆಯಲು ಬೇಸರದ ಪುಟ್ಟ ಆಟವೊಂದನ್ನು ಆಡಬೇಕು. ಅದರ ಬದಲು ಯೋಚನೆ ಮಾಡುವುದೇ ವಾಸಿ ಅನಿಸುತ್ತದೆ.

ಮಷಿನೇರಿಯಂ ಹೊಸಬರಿಗೆ ನಾನು ಮೊದಲು ಕೊಡುವ ಆಟ. ತುಕ್ಕು ಹಿಡಿದ ರೋಬೋಗಳ ಊರು, ಮಾತೇ ಇಲ್ಲ, ಎಲ್ಲ ತಲೆ ಮೇಲಿನ ಗುಳ್ಳೆಯಲ್ಲಿ ಚಿತ್ರ. ಇಂಗ್ಲಿಷ್ ಬಾರದ ಅಜ್ಜಿಯೂ ಆಡಬಹುದು.

ಎಲ್ಲವೂ ಒಗ್ಗಿತು ಅಂತಲ್ಲ. 2016ರ ದಿ ವಿಟ್‌ನೆಸ್‌ನಲ್ಲಿ 500ಕ್ಕೂ ಹೆಚ್ಚು ಒಗಟುಗಳಿವೆ, ಎಲ್ಲ ಫಲಕದ ಮೇಲೆ ಗೆರೆ ಎಳೆಯುವುದೇ. ದ್ವೀಪ ಕಣ್ಣಿಗೆ ಹಬ್ಬ. ಆದರೆ ಮುನ್ನೂರು ದಾಟುವಷ್ಟರಲ್ಲಿ ನನಗೆ ಹೋಂವರ್ಕ್ ಅನಿಸಿತು, ಬಿಟ್ಟೆ. ಅದರಲ್ಲಿ ಅಮ್ಮನಿಗೆ ಇಷ್ಟವಾಗಿದ್ದು ಕಾಡಿನ ಭಾಗ. ಅಲ್ಲಿ ಹಕ್ಕಿ ಕೂಗಿನ ಏರಿಳಿತ ಕೇಳಿ ಗೆರೆ ಎಳೆಯಬೇಕು. ಕಿಟಕಿ ತೆಗೆದಿಟ್ಟುಕೊಂಡು ಕೂತಿದ್ದೆವು, ಮಾರ್ಚ್ ತಿಂಗಳ ಭಾನುವಾರ. ಒಂದು ಒಗಟು ಎಷ್ಟು ಮಾಡಿದರೂ ಸರಿ ಹೋಗಲಿಲ್ಲ. ಒಂದು ಸ್ವರ ಜಾಸ್ತಿ ಬರುತ್ತಿತ್ತು. ಅರ್ಧ ಗಂಟೆ ಆದಮೇಲೆ ಅಮ್ಮ ಎದ್ದು ಹೋಗಿ ಕಿಟಕಿ ಹಾಕಿದಳು. ಎದುರು ಮನೆಯ ಮಾವಿನ ಮರದ ಕೋಗಿಲೆ.

ಈಗ ನಡೆಯುತ್ತಿರುವುದು ರಿಟರ್ನ್ ಆಫ್ ದಿ ಓಬ್ರಾ ಡಿನ್. 2018ರದ್ದು, ಲೂಕಸ್ ಪೋಪ್ ಎಂಬವರ ಕೆಲಸ. ಈಸ್ಟ್ ಇಂಡಿಯಾ ಕಂಪನಿಯ ಹಡಗು ಖಾಲಿಯಾಗಿ ಬಂದರಿಗೆ ಮರಳಿದೆ. ಅದರಲ್ಲಿದ್ದ 60 ಜನರ ಹೆಸರೇನು, ಗತಿಯೇನಾಯಿತು ಅಂತ ಬರೆದುಕೊಡಬೇಕು, ಇನ್ಶೂರೆನ್ಸ್ ಲೆಕ್ಕಕ್ಕೆ. ಹಳೇ ಮ್ಯಾಕಿಂಟೋಷ್ ಪರದೆಯ ಹಾಗೆ ಎರಡೇ ಬಣ್ಣ. ಮೂರು ಜನರದ್ದು ಸರಿಯಾದ ಮೇಲೇ ಆಟ ಒಪ್ಪಿಕೊಳ್ಳುವುದು, ಅಲ್ಲಿಯವರೆಗೂ ಬಾಯಿ ಬಿಡುವುದಿಲ್ಲ. 36 ಜನ ಆಗಿದ್ದಾರೆ. ನಿನ್ನೆ ನಾನು ಕೆಲಸದಿಂದ ಬರುವಷ್ಟರಲ್ಲಿ ಅಮ್ಮ ನೋಟ್‌ಬುಕ್‌ನಲ್ಲಿ, ಹಾಲಿನ ಲೆಕ್ಕ ಬರೆಯುವ ಅದೇ ದುಂಡು ಅಕ್ಷರದಲ್ಲಿ, ಬರೆದಿಟ್ಟಿದ್ದಳು:

"ಮಲಗಿರುವವರ ಮುಖ ನೋಡಬೇಡ. ಕಾಲು ನೋಡು."