ಮೀನಿನ ಕೊಳಕ್ಕೆ ಶಕ್ತಿಯ ಲೆಕ್ಕ ಬರೆಯುವುದು ಹೇಗೆ?

ಮೀನು ಸಾಕುವವರ ಲೆಕ್ಕಪುಸ್ತಕದಲ್ಲಿ ಮರಿ, ಮೇವು, ವಿದ್ಯುತ್, ಕೂಲಿ ಎಲ್ಲವೂ ಇರುತ್ತವೆ. ಬಿಸಿಲು, ಮಳೆ ಮಾತ್ರ ಇರುವುದಿಲ್ಲ. ಅವುಗಳಿಗೆ ಯಾರೂ ಬಿಲ್ಲು ಕಳಿಸುವುದಿಲ್ಲವಲ್ಲ! ಆದರೆ ಕೊಳವೊಂದು ಪರಿಸರದ ಮೇಲೆ ಎಷ್ಟು ಭಾರ ಹಾಕುತ್ತಿದೆ ಎಂದು ತಿಳಿಯಬೇಕಾದರೆ, ಬಿಟ್ಟಿಯಾಗಿ ಬಂದದ್ದನ್ನೂ ಕೊಂಡು ತಂದದ್ದನ್ನೂ ಒಂದೇ ಮಾನದಲ್ಲಿ ಅಳೆಯಬೇಕು. ಅಮೆರಿಕದ ಪರಿಸರ ವಿಜ್ಞಾನಿ ಹೋವರ್ಡ್ ಟಿ. ಓಡಮ್ ರೂಪಿಸಿದ ‘ಎಮರ್ಜಿ’ ಲೆಕ್ಕ ಮಾಡುವುದು ಇದನ್ನೇ. ಒಂದು ವಸ್ತು ತಯಾರಾಗಲು ನೇರವಾಗಿಯೂ ಪರೋಕ್ಷವಾಗಿಯೂ ವ್ಯಯವಾದ ಶಕ್ತಿಯನ್ನೆಲ್ಲ ಸೂರ್ಯಶಕ್ತಿಗೆ ಇಳಿಸಿ ಹೇಳುವ ಕ್ರಮವಿದು. ಇದರ ಮಾನ ಸೌರ ಎಮ್‌ಜೂಲ್.

ಗಡಿ ಮತ್ತು ಪಟ್ಟಿ

ಮೊದಲು ಗಡಿ ಹಾಕಿಕೊಳ್ಳಿ: ಯಾವ ಕೊಳ, ಎಷ್ಟು ಅವಧಿ. ಮರಿ ಉತ್ಪಾದನಾ ಕೇಂದ್ರ ಗಡಿಯ ಹೊರಗಿದ್ದರೆ ಮರಿಗಳು ಖರೀದಿಯ ಬಾಬ್ತಿಗೆ ಸೇರುತ್ತವೆ. ಅರ್ಧ ದಾರಿಯಲ್ಲಿ ಗಡಿ ಬದಲಿಸಿದರೆ ಲೆಕ್ಕ ಕೆಟ್ಟಂತೆಯೇ.

ಒಳಬರುವ ಪ್ರತಿಯೊಂದನ್ನೂ ಮೂರು ಗುಂಪು ಮಾಡಿ. ಬಿಸಿಲು, ಮಳೆ, ಗಾಳಿಯಂತಹ ನವೀಕರಿಸಬಹುದಾದವು ‘ನ’. ಸ್ಥಳೀಯವಾದರೂ ಬರಿದಾಗುವಂಥವು ‘ಬ’. ಮರುಪೂರಣಕ್ಕಿಂತ ವೇಗವಾಗಿ ಎತ್ತುವ ಅಂತರ್ಜಲ ಇಲ್ಲಿಗೆ ಬರುತ್ತದೆ. ಮೇವು, ಡೀಸೆಲ್, ವಿದ್ಯುತ್, ಸುಣ್ಣ, ದುಡಿಮೆ, ಯಂತ್ರಗಳ ಸವಕಳಿ ‘ಖ’, ಅಂದರೆ ಖರೀದಿ.

ಜೂಲ್‌ಗೆ ಇಳಿಸಿ, ಗುಣಿಸಿ

ವಿಷಯದ ತಿರುಳು ಇರುವುದು ಇಲ್ಲಿ. ಒಂದು ಹೆಕ್ಟೇರ್ ಕೊಳದ ಮೇಲೆ ಪ್ರತಿ ಚದರ ಮೀಟರ್‌ಗೆ ದಿನಕ್ಕೆ 18 ಮೆಗಾಜೂಲ್ ಬಿಸಿಲು ಬೀಳುತ್ತದೆ ಎಂದುಕೊಳ್ಳಿ. ಅದರಲ್ಲಿ ಶೇ 10ರಷ್ಟು ಪ್ರತಿಫಲನದಲ್ಲಿ ಹೋದರೂ ವರ್ಷಕ್ಕೆ ಸುಮಾರು 59 ಲಕ್ಷ ಕೋಟಿ ಜೂಲ್ ಉಳಿಯುತ್ತದೆ. ಇನ್ನು ನೀರಿಗೆ ಗಾಳಿ ಬೆರೆಸುವ ಯಂತ್ರವಾದ ಏರೇಟರ್, ಒಂದು ಅಶ್ವಶಕ್ತಿಯದು, ದಿನಕ್ಕೆ ಹತ್ತು ಗಂಟೆಯಂತೆ 200 ದಿನ ಓಡಿದರೆ ಬಳಸುವುದು ಸುಮಾರು 540 ಕೋಟಿ ಜೂಲ್. ಬಿಸಿಲಿನ ಮುಂದೆ ಏನೂ ಅಲ್ಲ ಅನ್ನಿಸುತ್ತದೆ.

ಆದರೆ ಎಲ್ಲ ಜೂಲ್‌ಗಳೂ ಸಮಾನವಲ್ಲ. ಒಂದು ಜೂಲ್ ವಿದ್ಯುತ್ತಿನ ಹಿಂದೆ ಇಂಧನ, ಸ್ಥಾವರ, ತಂತಿಜಾಲಗಳೆಲ್ಲ ಇವೆ. ಆದ್ದರಿಂದ ಪ್ರತಿ ಬಾಬ್ತನ್ನೂ ಅದರದರ ರೂಪಾಂತರ ಗುಣಕದಿಂದ, ಅಂದರೆ ಅದರ ಒಂದು ಜೂಲ್‌ನ ಹಿಂದೆ ಎಷ್ಟು ಸೌರ ಎಮ್‌ಜೂಲ್ ಇದೆ ಎಂಬ ಸಂಖ್ಯೆಯಿಂದ, ಗುಣಿಸಬೇಕು. ಬಿಸಿಲಿನ ಗುಣಕ 1. ವಿದ್ಯುತ್ತಿನದು ಲಕ್ಷದ ಲೆಕ್ಕದಲ್ಲಿದೆ. 2 ಲಕ್ಷ ಎಂದು ಹಿಡಿದರೆ ಆ ಪುಟ್ಟ ಏರೇಟರ್ 1,080 ಲಕ್ಷ ಕೋಟಿ ಸೌರ ಎಮ್‌ಜೂಲ್ ತಲುಪುತ್ತದೆ. ಅಂದರೆ ವರ್ಷದ ಬಿಸಿಲಿನ 18 ಪಟ್ಟು!

ಗುಣಕಗಳನ್ನು ಪ್ರಕಟಿತ ಕೋಷ್ಟಕಗಳಿಂದ ತೆಗೆದುಕೊಳ್ಳುವಾಗ ಅವುಗಳ ಆಧಾರಮಟ್ಟ ನೋಡಿಕೊಳ್ಳಿ. ಆಧಾರಮಟ್ಟವೆಂದರೆ ಭೂಮಿಗೆ ವರ್ಷಕ್ಕೆ ಒದಗುವ ಒಟ್ಟು ಎಮರ್ಜಿ; ಇದನ್ನು 1996ರಲ್ಲಿ 9.44, 2000ದಲ್ಲಿ 15.83, 2016ರಲ್ಲಿ 12.0 (ಎಲ್ಲವೂ 10ರ 24ನೇ ಘಾತದ ಸೌರ ಎಮ್‌ಜೂಲ್‌ಗಳಲ್ಲಿ) ಎಂದು ಹಿಡಿಯಲಾಗಿದೆ. ಹಳೆಯ ಗುಣಕಗಳನ್ನು ಈ ಅನುಪಾತದಲ್ಲಿ ತಿದ್ದದೆ ಬೆರೆಸಿದ ಲೆಕ್ಕಗಳನ್ನು ನಂಬಬೇಡಿ.

ಇನ್ನೊಂದು ಎಚ್ಚರಿಕೆ. ಗಾಳಿ, ಮಳೆಗಳ ಮೂಲದಲ್ಲೂ ಸೂರ್ಯನೇ ಇದ್ದಾನೆ. ಮೂರನ್ನೂ ಕೂಡಿದರೆ ಒಂದೇ ಶಕ್ತಿಯನ್ನು ಎರಡೆರಡು ಸಲ ಎಣಿಸಿದಂತಾಗುತ್ತದೆ. ಅವುಗಳಲ್ಲಿ ದೊಡ್ಡದನ್ನು ಮಾತ್ರ ಇಟ್ಟುಕೊಳ್ಳುವುದು ರೂಢಿ. ಕೊಳಗಳಲ್ಲಿ ಬಹಳ ಸಲ ಅದು ಮಳೆ ಅಥವಾ ಹರಿದು ಬರುವ ನೀರು.

ಸೂಚ್ಯಂಕ ಓದುವುದು

ಒಟ್ಟು ಮೊತ್ತವನ್ನು ‘ಖ’ದಿಂದ ಭಾಗಿಸಿದರೆ ಇಳುವರಿ ಅನುಪಾತ. ‘ಬ’ ಮತ್ತು ‘ಖ’ ಕೂಡಿಸಿ ‘ನ’ದಿಂದ ಭಾಗಿಸಿದರೆ ಪರಿಸರ ಹೊರೆಯ ಅನುಪಾತ: ಇದು ಸುಮಾರು 2ರ ಒಳಗಿದ್ದರೆ ಹೊರೆ ಕಡಿಮೆ, 3ರಿಂದ 10 ಮಧ್ಯಮ, ಅದಕ್ಕೂ ಮೇಲಾದರೆ ಭಾರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಸ್ಥಿರತೆಯ ಸೂಚ್ಯಂಕ.

ಉದಾಹರಣೆಗೆಂದು ನ 20, ಬ 5, ಖ 75 ಇರುವ ಕೊಳವನ್ನು ಊಹಿಸಿಕೊಳ್ಳಿ. ಇಳುವರಿ 1.33, ಹೊರೆ 4, ಸುಸ್ಥಿರತೆ 0.33. ಸೂಚ್ಯಂಕ 1ಕ್ಕಿಂತ ಕೆಳಗಿದೆ. ಕೊಳ ಖರೀದಿಯ ಮೇಲೆಯೇ ನಿಂತಿದೆ. ಈ 75ರಲ್ಲಿ ಮೇವು 50, ಏರೇಟರ್ 8 ಎಂದಿರಲಿ. ಏರೇಟರ್ ಬಳಕೆ ಅರ್ಧಕ್ಕೆ ಇಳಿದರೆ ಹೊರೆ 3.8ಕ್ಕೆ ಬರುತ್ತದೆ, ಅಷ್ಟೆ. ಮೇವು ಅರ್ಧಕ್ಕೆ ಇಳಿದರೆ 2.75! ತೀವ್ರ ಸಾಕಣೆಯಲ್ಲಿ ಸಾಮಾನ್ಯವಾಗಿ ಮೇವೇ ದೊಡ್ಡ ಬಾಬ್ತು. ವಿದ್ಯುತ್ ಉಳಿತಾಯದ ಬಗ್ಗೆ ಆಗುವಷ್ಟು ಚರ್ಚೆ ಮೇವಿನ ಚೀಲದ ಬಗ್ಗೆ ಆಗುವುದಿಲ್ಲ ಎಂಬುದು ನನ್ನ ತಕರಾರು. ಕೊಳದ ಸಹಜ ಆಹಾರದ ಬೇರೆ ಬೇರೆ ಪದರಗಳನ್ನು ಮೇಯುವ ಮೀನಿನ ಜಾತಿಗಳನ್ನು ಒಟ್ಟಿಗೆ ಬಿಡುವ ಮಿಶ್ರ ಸಾಕಣೆಗೆ ಈ ಲೆಕ್ಕದಲ್ಲಿ ಅನುಕೂಲವಾಗುವುದೂ ಕೊಂಡು ತರುವ ಮೇವಿನ ಅವಲಂಬನೆ ತಗ್ಗುವ ಕಾರಣಕ್ಕೆ.

ಮೇವು ಇಳಿಸಿದಾಗ ಫಸಲೂ ಇಳಿಯಬಹುದು. ಹಾಗಾಗಿ ಒಟ್ಟು ಎಮರ್ಜಿಯನ್ನು ಹಿಡಿದ ಮೀನಿನ ಶಕ್ತಿಯಿಂದಲೂ ಭಾಗಿಸಿ ನೋಡಿ. ಮೇಲಿನ ಉದಾಹರಣೆಯಲ್ಲಿ ಒಟ್ಟು ಮೊತ್ತ 100ರಿಂದ 75ಕ್ಕೆ ಬರುವುದರಿಂದ, ಫಸಲಿನ ನಷ್ಟ ಕಾಲು ಭಾಗದೊಳಗಿದ್ದರೆ ದಕ್ಷತೆಯೂ ಹೆಚ್ಚಿದಂತೆ.

ಹೊರಬಿಡುವ ನೀರಿನ ಸಾರಜನಕ, ರಂಜಕ, ರೋಗಕ್ಕೆ ಹಾಕಿದ ಔಷಧಗಳ ಪರಿಣಾಮ ಈ ಕೋಷ್ಟಕದಲ್ಲಿ ನೇರವಾಗಿ ಕಾಣಿಸುವುದಿಲ್ಲ. ಅವುಗಳಿಗೆ ನೀರಿನ ಪರೀಕ್ಷೆಯನ್ನೂ ಜೀವನಚಕ್ರ ಮೌಲ್ಯಮಾಪನವನ್ನೂ (ತಯಾರಿಕೆಯಿಂದ ವಿಲೇವಾರಿವರೆಗಿನ ಪರಿಸರ ಪರಿಣಾಮದ ಲೆಕ್ಕ) ಪಕ್ಕದಲ್ಲಿಟ್ಟುಕೊಳ್ಳಬೇಕು.