ತೊಡೆಮೂಳೆ ಜೋಡಣೆಯ ನಂತರದ ಸೋಂಕು: ಅಪಾಯವನ್ನು ನಾನು ಅಳೆಯುವ ಬಗೆ

ಮುರಿದ ತೊಡೆಮೂಳೆಗೆ ರಾಡ್ ಅಥವಾ ಪ್ಲೇಟ್ ಹಾಕಿದ ಮೇಲೆ ಸೋಂಕಿನ ಅಪಾಯವನ್ನು ಹೆಚ್ಚಿಸುವ ಅಂಶಗಳು ಮೂಳೆ ವೈದ್ಯರಿಗೆಲ್ಲ ಬಾಯಿಪಾಠವಾಗಿರುತ್ತವೆ: ಮಧುಮೇಹ, ಧೂಮಪಾನ, ಅತಿತೂಕ, ಅಪೌಷ್ಟಿಕತೆ, ತೆರೆದ ಮುರಿತ (ಚರ್ಮ ಸೀಳಿ ಗಾಯವಾದ ಮುರಿತ), ಬಹಳ ಹೊತ್ತು ನಡೆಯುವ ಶಸ್ತ್ರಚಿಕಿತ್ಸೆ. ಆದರೆ ಮಂಡಿಕೀಲು ಬದಲಾಯಿಸಿಕೊಳ್ಳಲು ಬಂದವರಿಗೆ ಮೊದಲು ಸಕ್ಕರೆಯನ್ನು ಹತೋಟಿಗೆ ತಂದು, ಸಿಗರೇಟು ಬಿಟ್ಟು ಬನ್ನಿ ಎಂದು ಹೇಳುವಂತೆ ತೊಡೆಮೂಳೆ ಮುರಿದುಕೊಂಡು ಬಂದವರಿಗೆ ಹೇಳಲಾಗುವುದಿಲ್ಲ. ಆದ್ದರಿಂದ ನಾನು ಆ ಪಟ್ಟಿಯನ್ನು ಒಂದೇ ಪ್ರಶ್ನೆಯಿಂದ ಸೋಸುತ್ತೇನೆ: ಇವುಗಳಲ್ಲಿ ನಾಳೆಯೊಳಗೆ ನಾನು ಬದಲಿಸಬಹುದಾದದ್ದು ಯಾವುದು?

ಸಕ್ಕರೆಯ ವಿಷಯದಲ್ಲಿ ಈ ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಸಕ್ಕರೆಯ ಕಳೆದ 2-3 ತಿಂಗಳ ಸರಾಸರಿ ಕಥೆಯನ್ನು ಹೇಳುತ್ತದೆ. ಅದು ಹೆಚ್ಚಿದೆಯೆಂದು ಶಸ್ತ್ರಚಿಕಿತ್ಸೆಯನ್ನು ಮುಂದೂಡಿದರೆ, ಅದರಲ್ಲೂ ಸೊಂಟದ ಬಳಿ ಮೂಳೆ ಮುರಿದುಕೊಂಡ ವೃದ್ಧರಲ್ಲಿ, ಹಾಸಿಗೆ ಹುಣ್ಣು, ನ್ಯುಮೋನಿಯಾ, ಮೂತ್ರದ ಸೋಂಕುಗಳು ಮೊದಲೇ ಬಂದು ಕೂರುತ್ತವೆ. ಹಾಗಾಗಿ ಆ ಅಂಕಿಯನ್ನು ಎಚ್ಚರಿಕೆಯಾಗಿ ಮಾತ್ರ ಗುರುತಿಸಿಕೊಂಡು, ಇನ್ಸುಲಿನ್ ಮೂಲಕ ಆ ದಿನದ ಸಕ್ಕರೆಯನ್ನು 180 ಮಿ.ಗ್ರಾಂ/ಡೆ.ಲೀ. ಆಸುಪಾಸಿಗೆ ಇಳಿಸಿ ಮುಂದುವರಿಯುತ್ತೇನೆ. ಮಧುಮೇಹವೇ ಇಲ್ಲದವರಲ್ಲೂ ಪೆಟ್ಟಿನ ಒತ್ತಡದಿಂದ ಸಕ್ಕರೆ ಏರುವುದರಿಂದ ಎಲ್ಲರಿಗೂ ಪರೀಕ್ಷೆ ಮಾಡಿಸುತ್ತೇನೆ.

ತೆರೆದ ಮುರಿತದಲ್ಲಿ ನಾನು ಚರ್ಮದ ಗಾಯದ ಅಳತೆಯನ್ನು ನಂಬುವುದಿಲ್ಲ. ತೊಡೆಮೂಳೆಯ ಸುತ್ತ ದಪ್ಪ ಸ್ನಾಯುಗಳಿವೆ. ಮೂಳೆ ಅವನ್ನೆಲ್ಲ ಸೀಳಿ ಹೊರಬಂದಿದೆಯೆಂದರೆ, ಹೊರಗೆ ಕಾಣುವ ರಂಧ್ರ ಎಷ್ಟೇ ಚಿಕ್ಕದಿರಲಿ, ಒಳಗಿನ ಹಾನಿ ದೊಡ್ಡದೇ. ಆಂಟಿಬಯಾಟಿಕ್ಕಿನ ಮೊದಲ ಡೋಸು ತುರ್ತು ಚಿಕಿತ್ಸಾ ವಿಭಾಗದಲ್ಲೇ, ಸಾಧ್ಯವಾದರೆ ಪೆಟ್ಟಾದ ಒಂದು ಗಂಟೆಯೊಳಗೆ ಹೋಗಬೇಕು. ನಂತರ ಬಣ್ಣಗೆಟ್ಟ, ಚಿವುಟಿದರೆ ಸಂಕುಚಿಸದ, ಕತ್ತರಿಸಿದರೆ ರಕ್ತ ಬಾರದ ಸ್ನಾಯುವನ್ನು ಮುಲಾಜಿಲ್ಲದೆ ತೆಗೆಯುತ್ತೇನೆ. ಸತ್ತ ಸ್ನಾಯುವಿನೊಳಗೆ ರಕ್ತ ಹರಿಯದ ಕಾರಣ ಅಲ್ಲಿಗೆ ಔಷಧಿಯೂ ತಲುಪುವುದಿಲ್ಲ. ತೊಳೆಯಲು ಕಡಿಮೆ ಒತ್ತಡದ ಸಾದಾ ಸಲೈನ್ ಸಾಕು. 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಸಾಬೂನು ದ್ರಾವಣದಿಂದ ತೊಳೆದವರಿಗೆ ಮರುಶಸ್ತ್ರಚಿಕಿತ್ಸೆ ಹೆಚ್ಚು ಬೇಕಾಯಿತು.

ರೋಗಿಯ ಸ್ಥಿತಿ ಗಂಭೀರವಾಗಿದ್ದರೆ ಹೊರಗಿನಿಂದ ತಾತ್ಕಾಲಿಕ ಫಿಕ್ಸೇಟರ್ (ಪಿನ್ನುಗಳಿಂದ ಮೂಳೆಯನ್ನು ಹಿಡಿದಿಡುವ ಚೌಕಟ್ಟು) ಹಾಕಬೇಕಾಗುತ್ತದೆ. ಅದರ ಪ್ರತಿ ಪಿನ್ನೂ ಚರ್ಮದಿಂದ ಮೂಳೆಗೆ ತೆರೆದಿಟ್ಟ ದಾರಿಯೇ. ಮುಂದೆ ಪ್ಲೇಟ್ ಬರಬಹುದಾದ ಜಾಗವನ್ನು ಬಿಟ್ಟು ಪಿನ್ ಹಾಕುವುದು, ಎರಡು ವಾರದೊಳಗೆ ಅದನ್ನು ತೆಗೆದು ರಾಡ್‌ಗೆ ಬದಲಿಸುವುದು ನನ್ನ ಕ್ರಮ. ಪಿನ್ ಜಾಗದಲ್ಲಿ ಕೀವು ಕಂಡರೆ ನೇರವಾಗಿ ರಾಡ್ ಹಾಕುವುದಿಲ್ಲ. ಪಿನ್ ತೆಗೆದು, ಶುಚಿಗೊಳಿಸಿ, ಗಾಯ ಒಣಗುವವರೆಗೆ ಕಾಲನ್ನು ಟ್ರಾಕ್ಷನ್‌ನಲ್ಲಿ, ಅಂದರೆ ತೂಕ ಕಟ್ಟಿ ಎಳೆದ ಸ್ಥಿತಿಯಲ್ಲಿ, ಇಡುತ್ತೇನೆ.

ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಹೊಸದೇನೂ ಇಲ್ಲ, ಆದರೆ ತಪ್ಪಿಹೋಗುವುದು ಈ ಹಳೆಯ ಸಂಗತಿಗಳೇ. ಚರ್ಮ ಕೊಯ್ಯುವ ಮುಂಚಿನ 60 ನಿಮಿಷದೊಳಗೆ ಸೆಫಜೋಲಿನ್ ಎಂಬ ಆಂಟಿಬಯಾಟಿಕ್ 2 ಗ್ರಾಂ, ತೂಕ 120 ಕಿಲೋ ಇದ್ದರೆ ಅಥವಾ ಅದಕ್ಕೂ ಹೆಚ್ಚಿದ್ದರೆ 3 ಗ್ರಾಂ, ಕೆಲಸ 4 ಗಂಟೆ ದಾಟಿದರೆ ಇನ್ನೊಂದು ಡೋಸು. ಕೂದಲನ್ನು ಬ್ಲೇಡಿನಿಂದ ಬೋಳಿಸದೆ ಕ್ಲಿಪ್ಪರ್‌ನಿಂದ ಕತ್ತರಿಸಬೇಕು. ಮುಚ್ಚಿದ ಮುರಿತಕ್ಕೆ 24 ಗಂಟೆಯ ನಂತರವೂ ಆಂಟಿಬಯಾಟಿಕ್ ಮುಂದುವರಿಸುವುದು ವೈದ್ಯರ ಮನಸ್ಸಮಾಧಾನಕ್ಕೆ ಹೊರತು ರೋಗಿಗೆ ಅದರಿಂದ ಲಾಭವಿಲ್ಲವೆಂಬುದು ನನ್ನ ಅಭಿಪ್ರಾಯ.

ನಂತರದ ದಿನಗಳಲ್ಲಿ ನಾನು ಜ್ವರಕ್ಕಿಂತ ಗಾಯವನ್ನೇ ಹೆಚ್ಚು ನೋಡುತ್ತೇನೆ. ಉರಿಯೂತವನ್ನು ತೋರಿಸುವ ರಕ್ತಪರೀಕ್ಷೆಯಾದ ಸಿಆರ್‌ಪಿ ಶಸ್ತ್ರಚಿಕಿತ್ಸೆಯ 2-3ನೇ ದಿನ ಗರಿಷ್ಠಕ್ಕೇರಿ ಇಳಿಯುವುದು ಸಹಜ. ಇಳಿದದ್ದು ಮತ್ತೆ ಏರಿದರೆ ಅನುಮಾನಿಸಬೇಕು. ವಾರ ಕಳೆದರೂ ಗಾಯದಿಂದ ನೀರು ಒಸರುತ್ತಿದ್ದರೆ ಆಂಟಿಬಯಾಟಿಕ್ ಮಾತ್ರೆ ಬರೆದು ಕಳುಹಿಸುವ ಆಸೆ ಯಾರಿಗಾದರೂ ಬರುತ್ತದೆ. ಲೋಹದ ಮೇಲೆ ಬಯೋಫಿಲ್ಮ್ (ತಮ್ಮನ್ನು ಕಾಪಾಡುವ ಅಂಟು ಪದರ) ಕಟ್ಟಿಕೊಂಡ ಬ್ಯಾಕ್ಟೀರಿಯಾಗಳನ್ನು ಆ ಮಾತ್ರೆ ಕೊಲ್ಲುವುದಿಲ್ಲ, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಅವು ಸಿಗದಂತೆ ಮಾತ್ರ ಮಾಡುತ್ತದೆ. ರೋಗಿಯ ಸ್ಥಿತಿ ಅವಕಾಶ ಕೊಟ್ಟರೆ ಔಷಧಿಯನ್ನು ತಡೆದು, ಗಾಯವನ್ನು ಮತ್ತೆ ತೆರೆದು, ಆಳದ ಬೇರೆ ಬೇರೆ ಜಾಗಗಳಿಂದ ಕನಿಷ್ಠ 5 ಮಾದರಿಗಳನ್ನು, ಪ್ರತಿಯೊಂದಕ್ಕೂ ಹೊಸ ಉಪಕರಣ ಬಳಸಿ, ತೆಗೆಯುತ್ತೇನೆ. ಅವುಗಳಲ್ಲಿ ಕನಿಷ್ಠ ಎರಡು ಮಾದರಿಗಳಲ್ಲಿ ಒಂದೇ ಬಗೆಯ ಬ್ಯಾಕ್ಟೀರಿಯಾ ಬೆಳೆದರೆ ಸೋಂಕು ಖಚಿತ. ಆಗಲೂ ಜೋಡಣೆ ಭದ್ರವಾಗಿದ್ದು ಸೋಂಕು ಹೊಸದಾಗಿದ್ದರೆ, ಚೆನ್ನಾಗಿ ತೊಳೆದು ಲೋಹವನ್ನು ಉಳಿಸಿಕೊಳ್ಳುತ್ತೇನೆ. ಸ್ಥಿರವಾಗಿ ಹಿಡಿದಿಟ್ಟ ಮೂಳೆ ಸೋಂಕಿದ್ದರೂ ಕೂಡಿಕೊಳ್ಳಬಲ್ಲದು, ಅಲುಗಾಡುವ ಮೂಳೆಯಲ್ಲಿ ಸೋಂಕನ್ನು ಹತೋಟಿಗೆ ತರುವುದು ಬಲು ಕಷ್ಟ.