ಮೋಟಾರ್ ಸುಟ್ಟ ದಿನ ಪಂಚಾಯಿತಿ ಕೈಯಲ್ಲಿ ದುಡ್ಡಿರಬೇಕು

ಕೋಲಾರ ಸೀಮೆಯ ಒಂದು ಚಿಕ್ಕ ಗ್ರಾಮ ಪಂಚಾಯಿತಿಗೆ ನಾನು ಮೂವತ್ತು ತಿಂಗಳು ಅಧ್ಯಕ್ಷೆಯಾಗಿದ್ದೆ. 2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದವಳು. ಆ ಅವಧಿಯಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಮನೆ ಕಂದಾಯಕ್ಕೆ. ಯಾರಿಗೂ ಬೇಡದ ಕೆಲಸ ಅದು. ಓಟು ಕೊಟ್ಟವರ ಬಾಗಿಲಲ್ಲೇ ನಿಂತು ದುಡ್ಡು ಕೇಳಬೇಕು. "ಇನ್ನೊಂದ್ಸಲ ನಿಲ್ಲೋ ಆಸೆ ಇಲ್ವಾ ನಿಮಗೆ?" ಅಂತ ಜೊತೆಯ ಸದಸ್ಯರೇ ನಕ್ಕರು.

ಕೇಂದ್ರದ ಹಣಕಾಸು ಆಯೋಗದ ದುಡ್ಡು ಬರುತ್ತಲ್ಲ, ಮತ್ತೆ ಕಂದಾಯ ಯಾಕೆ ಅಂತ ಕೇಳುವವರಿದ್ದಾರೆ. ದುಡ್ಡು ಬರುತ್ತದೆ, ನಿಜ. ಆದರೆ ನಮ್ಮ ಕಾಲದಲ್ಲಿ, ಹದಿನೈದನೇ ಆಯೋಗ ಇದ್ದಾಗ, ಅದರ ಶೇ. 60 ನಿರ್ಬಂಧಿತ ಅನುದಾನ, ಅಂದರೆ ಹೇಳಿದ ಕೆಲಸಕ್ಕೇ ಬಳಸಬೇಕಿತ್ತು. ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ. 40ರಲ್ಲಿ ಸಂಬಳ ಕೊಡುವ ಹಾಗಿರಲಿಲ್ಲ. ಯಾವ ಕೆಲಸವಾದರೂ ಮೊದಲು ಕ್ರಿಯಾ ಯೋಜನೆಗೆ ಸೇರಬೇಕು, ಅನುಮೋದನೆ ಆಗಬೇಕು, ಎಂಜಿನಿಯರ್ ಬಂದು ಅಳತೆ ಬರೆಯಬೇಕು, ಆಮೇಲೆ ಆನ್‌ಲೈನ್‌ನಲ್ಲಿ ಬಿಲ್ಲು. ಏಪ್ರಿಲ್ ಬಿಸಿಲಲ್ಲಿ ಸುಟ್ಟುಹೋದ ಮೋಟಾರ್ ಇಷ್ಟಕ್ಕೆಲ್ಲ ಕಾಯುತ್ತಾ?

ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟುತ್ತದೆ. ಮೋಟಾರ್ ಸುಟ್ಟರೆ ಮೊದಲು ಅದನ್ನು ಮೇಲೆತ್ತಲು ಗಾಡಿ ಕರೆಸಬೇಕು. ಆಮೇಲೆ ರಿವೈಂಡಿಂಗ್. ಕೇಬಲ್ ಹೋಗಿದ್ದರೆ ಕೇಬಲ್. ಮತ್ತೆ ಇಳಿಸುವ ಕೂಲಿ ಬೇರೆ. ಎಲ್ಲವೂ ಕೈಮೇಲೆ ದುಡ್ಡು. ಸಾಲಕ್ಕೆ ಕೇಳಿದರೆ ಅಂಗಡಿಯವರು ಕೊಡುತ್ತಾರೆ. ಆದರೆ ಪಂಚಾಯಿತಿ ಯಾವಾಗ ಕೊಡುತ್ತದೋ ಅಂತ ಲೆಕ್ಕ ಹಾಕಿ, ಆ ತಡದ ಬಡ್ಡಿಯನ್ನೂ ಬಿಲ್ಲಿನೊಳಗೇ ಸೇರಿಸಿರುತ್ತಾರೆ. ದುಡ್ಡು ಕೈಯಲ್ಲಿಟ್ಟುಕೊಂಡು ಹೋದರೆ ರೇಟೇ ಬೇರೆ.

ಆ ಕೈದುಡ್ಡು ಅಂದರೆ ಪಂಚಾಯಿತಿಯ ಸ್ವಂತ ಆದಾಯ, ವರ್ಗ-1 ಖಾತೆ. ಮನೆ ಕಂದಾಯ, ನೀರಿನ ಕರ, ಲೈಸೆನ್ಸ್ ಫೀ, ಸಂತೆ ಹರಾಜು, ಊರೊಟ್ಟಿನ ಗುಂಡುತೋಪಿನ ಹುಣಸೆ ಹರಾಜು ಎಲ್ಲ ಇದಕ್ಕೇ ಬರುತ್ತದೆ. ಹುದ್ದೆಗೆ ಅನುಮೋದನೆ ಆಗದ ನೀರುಗಂಟಿಗಳ, ಅಂದರೆ ಊರಿಗೆ ನೀರು ಬಿಡುವವರ, ಸಂಬಳವೂ ಇಲ್ಲಿಂದಲೇ ಹೋಗಬೇಕು. ನಾನು ಬಂದಾಗ ಅವರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಇತ್ತು. ಸಂಬಳ ಸಿಗದವನಿಗೆ ಬೆಳಗಿನ ಜಾವ ಎದ್ದು ವಾಲ್ವ್ ತಿರುಗಿಸು ಅಂತ ಯಾವ ಬಾಯಲ್ಲಿ ಹೇಳುವುದು?

ವಸೂಲಿಗೆ ಹೊರಡುವ ಮೊದಲು ಬಿಲ್ ಕಲೆಕ್ಟರ್ ಜೊತೆ ಕೂತು ಬೇಡಿಕೆ ಪಟ್ಟಿ ಓದಿದೆ. ಬೇಡಿಕೆ, ವಸೂಲಿ, ಬಾಕಿ ಅಂತ ಮೂರು ಕಾಲಂ ಇರುವ ಪಟ್ಟಿ. ವಸೂಲಿ ಆಗದಿರುವುದಕ್ಕೆ ಕಾರಣ ಅದರಲ್ಲೇ ಇತ್ತು. ಅರ್ಧಕ್ಕರ್ಧ ಹೆಸರು ಸತ್ತವರದ್ದು. ಅಣ್ಣತಮ್ಮಂದಿರು ಭಾಗವಾಗಿ ಮೂರು ಮನೆ ಕಟ್ಟಿಕೊಂಡಿದ್ದಾರೆ, ಪಟ್ಟಿಯಲ್ಲಿ ಇನ್ನೂ ಅಪ್ಪನ ಹೆಸರಿನ ಒಂದೇ ಹೆಂಚಿನ ಮನೆ. ಇನ್ನೊಂದು ಕಡೆ ಮೇಲೆ ಮಹಡಿ ಎದ್ದಿದೆ, ಕೆಳಗೆ ಅಂಗಡಿ ಬಂದಿದೆ, ಪಟ್ಟಿಗೆ ಅದು ಗೊತ್ತೇ ಇಲ್ಲ. ಬಿದ್ದುಹೋದ ಮನೆಗೆ ಮಾತ್ರ ವರ್ಷವರ್ಷ ಬಾಕಿ ಬೆಳೆಯುತ್ತಿದೆ. ಜನ ಕಟ್ಟಲ್ಲ ಅಂತ ನಾವು ಬೈಯುತ್ತಿದ್ದೆವು. ಯಾರು ಕಟ್ಟಬೇಕು ಅನ್ನುವುದೇ ಬರೆದಿರಲಿಲ್ಲ.

ಹಾಗಾಗಿ ಮೊದಲ ವರ್ಷ ದುಡ್ಡು ಕೇಳುವುದಕ್ಕಿಂತ ಪಟ್ಟಿ ಸರಿ ಮಾಡುವುದನ್ನೇ ಹಿಡಿದುಕೊಂಡೆವು. ಒಂದು ಸಲಕ್ಕೆ ಒಂದೇ ಬೀದಿ. ಹೊತ್ತು ಸಂಜೆ, ಯಾಕೆಂದರೆ ಹಗಲು ಎಲ್ಲರೂ ತೋಟದಲ್ಲಿರುತ್ತಾರೆ. ಬಿಲ್ ಕಲೆಕ್ಟರ್, ಆ ವಾರ್ಡಿನ ಸದಸ್ಯರು, ನಾನು, ಒಂದು ಟೇಪು. ಮನೆ ಅಳೆದು ಅಲ್ಲೇ ಜೋರಾಗಿ ಓದಿ ಹೇಳುವುದು. ಪಕ್ಕದ ಮನೆಯವರಿಗೂ ಕೇಳಿಸಬೇಕು. ಅವರ ಅಳತೆ ಕಡಿಮೆ ಬರೆದರು, ನಮ್ಮದು ಜಾಸ್ತಿ ಬರೆದರು ಅನ್ನುವ ಮಾತು ಅಲ್ಲಿಗೇ ಮುಗಿಯುತ್ತದೆ. ನಮ್ಮ ಮನೆಯನ್ನು ಮೊದಲು ಅಳೆಸಿದೆ. ನಮ್ಮ ಯಜಮಾನರು ಕೊಟ್ಟಿಗೆಯನ್ನೂ ಸೇರಿಸಿದಿರಾ ಅಂತ ಮುಖ ಊದಿಸಿಕೊಂಡರು.

ಸತ್ತವರ ಹೆಸರು ತೆಗೆಸುವುದೇ ದೊಡ್ಡ ಕೆಲಸ. ಮರಣ ಪತ್ರ, ವಂಶವೃಕ್ಷ, ಅರ್ಜಿ, ಆಮೇಲೆ ಸಭೆಯಲ್ಲಿ ಇಟ್ಟು ಖಾತೆ ಬದಲಾವಣೆ. ಅಕ್ಕತಂಗಿಯರ ಸಹಿ ಬೇಕು ಅಂದ ತಕ್ಷಣ ಎಷ್ಟೋ ಮನೆಗಳಲ್ಲಿ ಮಾತು ನಿಂತುಹೋಗುತ್ತಿತ್ತು. ಅಂಥ ಕಡೆ ಒತ್ತಾಯ ಮಾಡಲಿಲ್ಲ. ತಂದೆ ಹೆಸರಲ್ಲೇ ಕಟ್ಟಿ, ರಸೀದಿ ಆ ಹೆಸರಲ್ಲೇ ಇರುತ್ತದೆ, ಇದರಿಂದ ಯಾರ ಹಕ್ಕೂ ಹೋಗಲ್ಲ, ಬರಲ್ಲ ಅಂತ ಹೇಳಿದೆವು. ಈ ಒಂದು ಮಾತಿಗೇ ತುಂಬಾ ಜನ ಕಟ್ಟಿದರು. ನಾನು ಕಟ್ಟಿ ತಮ್ಮನಿಗೆ ಅನುಕೂಲ ಮಾಡಿಕೊಡಬೇಕಾ ಅನ್ನುವ ಗುಮಾನಿಯೇ ಅವರನ್ನು ತಡೆದಿದ್ದು.

ಇದರ ತಲೆಕೆಳಗು ಸಂಗತಿಯೂ ಇದೆ. ಕಂದಾಯ ಕಟ್ಟುತ್ತೇನೆ ಅಂತ ತಾವಾಗಿ ಬರುವವರು. ಗುಂಡುತೋಪಿನ ಅಂಚಿಗೆ ಶೆಡ್ ಹಾಕಿದ ಒಬ್ಬರು ಹಾಗೆ ಬಂದರು. "ಪಂಚಾಯಿತಿಗೆ ಆದಾಯ ಅಲ್ವಾ ಅಕ್ಕ, ಬರ್ಕೊಳ್ಳಿ" ಅಂದರು. ಬರೆದುಕೊಂಡರೆ ಮುಗಿಯಿತು. ಐದು ವರ್ಷದ ರಸೀದಿ ಜೋಡಿಸಿಕೊಂಡು ಜಾಗ ನಮ್ಮದು ಅಂತ ಕೋರ್ಟಿಗೆ ಹೋಗುತ್ತಾರೆ. ಸರ್ಕಾರಿ ಜಾಗದಲ್ಲಿ ಇರುವವರ ಹತ್ತಿರ ದುಡ್ಡು ಮುಟ್ಟಬೇಡಿ ಅಂತ ಬಿಲ್ ಕಲೆಕ್ಟರ್‌ಗೆ ಬರವಣಿಗೆಯಲ್ಲೇ ಕೊಟ್ಟೆವು.

ಕೇಳುವಾಗ ಲೆಕ್ಕ ಬಿಡಿಸಿ ಹೇಳಬೇಕು. ಐನೂರು ರೂಪಾಯಿ ಕಂದಾಯ ಅಂತ ಹೇಳಿ ಆರುನೂರ ಎಪ್ಪತ್ತರ ರಸೀದಿ ಕೊಟ್ಟರೆ ಯಾರಿಗಾದರೂ ಅನುಮಾನ ಬರುತ್ತದೆ. ಮಧ್ಯದ 170 ರೂಪಾಯಿ ಉಪಕರಗಳದ್ದು. ಆರೋಗ್ಯ ಕರ ಶೇ. 15, ಶಿಕ್ಷಣ ಕರ ಶೇ. 10, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3. ಇದನ್ನು ಹೇಳಿದರೆ ಭಿಕ್ಷುಕರ ಕರದ ಹತ್ತಿರ ಪ್ರತಿ ಬೀದಿಯಲ್ಲೂ ಒಂದು ನಗು ಗ್ಯಾರಂಟಿ. "ಹಾಗಾದ್ರೆ ಅದು ನಮಗೇ ಬರ್ಬೇಕು" ಅಂತಾರೆ. ನಗಲಿ ಬಿಡಿ. ನಕ್ಕವರು ಕಟ್ಟುತ್ತಾರೆ.

ಹೊತ್ತು ನೋಡಿ ಕೇಳುವುದೂ ಮುಖ್ಯ. ಮಾರ್ಚ್ ಕೊನೆಗೆ ಗುರಿ ಮುಟ್ಟಿಸಿ ಅಂತ ಮೇಲಿನಿಂದ ಒತ್ತಡ ಬರುತ್ತದೆ. ಆದರೆ ನಮ್ಮ ಊರಿನ ಕೈಯಲ್ಲಿ ದುಡ್ಡು ಓಡಾಡುವುದು ಸರ್ಕಾರದ ಕ್ಯಾಲೆಂಡರ್ ನೋಡಿಕೊಂಡಲ್ಲ. ಹಾಲಿನ ದುಡ್ಡು ಬಂದ ವಾರ, ರೇಷ್ಮೆಗೂಡು ಮಾರಿದ ವಾರ, ಟೊಮೆಟೊ ಲೋಡು ಹೋದ ವಾರ. 2023ರ ಜುಲೈಯಲ್ಲಿ ಟೊಮೆಟೊಗೆ ಆ ಪಾಟಿ ಬೆಲೆ ಬಂತಲ್ಲ, ಆಗ ಹಳೇ ಬಾಕಿ ತಾನಾಗಿ ಬಂದು ಬಿದ್ದಿತು. ಹಾಲಿನ ಡೈರಿ ಜಗಲಿಯ ಮೇಲೆ ಬೆಳಿಗ್ಗೆ ಒಂದು ಗಂಟೆ ಬಿಲ್ ಕಲೆಕ್ಟರ್ ಕೂತರೆ ಸಾಕಿತ್ತು.

ಅದೇ ಡೈರಿ ಗೋಡೆಗೆ ಒಂದು ಕಪ್ಪು ಹಲಗೆ ಹಾಕಿಸಿದೆ. ಈ ತಿಂಗಳು ಬಂದ ಕಂದಾಯ ಇಷ್ಟು, ಖರ್ಚಾಗಿದ್ದು ಇಷ್ಟು, ಯಾವ ಬೀದಿಯ ಮೋಟಾರಿಗೆ ಎಷ್ಟು, ನೀರುಗಂಟಿ ಸಂಬಳ ಎಷ್ಟು. ಬಾಕಿದಾರರ ಹೆಸರು ಬರೆಯೋಣ ಅಂತ ಕೆಲವು ಸದಸ್ಯರು ಅಂದರು. ನಾನು ಒಪ್ಪಲಿಲ್ಲ. ಹೆಸರು ಬರೆದರೆ ಆ ಮನೆಯವರು ಕಂದಾಯವನ್ನೂ ಕಟ್ಟಲ್ಲ, ನಮ್ಮ ಜೊತೆ ಮಾತನ್ನೂ ಬಿಡುತ್ತಾರೆ. ಪಂಚಾಯಿತಿ ಲೆಕ್ಕವನ್ನು ಜನರ ಮುಂದೆ ತಪಾಸಣೆ ಮಾಡುವ ಜಮಾಬಂದಿ ವರ್ಷಕ್ಕೊಮ್ಮೆ, ಮುಂಗಾರಿನ ಕೊನೆಯಲ್ಲಿ ನಡೆಯುತ್ತದೆ. ಅಲ್ಲಿ ಲೆಕ್ಕ ಓದುವಾಗ ಯಾರಿಗೂ ಹೊಸದಾಗಿ ಕೇಳುವುದು ಇರಲಿಲ್ಲ, ಎಲ್ಲ ಹಲಗೆಯಲ್ಲೇ ಓದಿಯಾಗಿತ್ತು.

ಸ್ವಂತ ಆದಾಯದಲ್ಲಿ ಶೇ. 25 ಪರಿಶಿಷ್ಟರಿಗೆ, ಶೇ. 5 ವಿಕಲಚೇತನರಿಗೆ ಅಂತ ತೆಗೆದಿಡಬೇಕು. ಆದಾಯವೇ ಇಲ್ಲದ ಪಂಚಾಯಿತಿಯಲ್ಲಿ ಇದು ಬರೀ ಪುಸ್ತಕದ ಲೆಕ್ಕ. ನಮ್ಮಲ್ಲಿ ಸ್ವಲ್ಪ ದುಡ್ಡು ಸೇರಿದ ಮೇಲೆ ಮೊದಲು ಪರಿಶಿಷ್ಟರ ಕಾಲೋನಿಯ ಪೈಪ್‌ಲೈನ್ ಬದಲಾಯಿಸಿದೆವು. ಊರಿನ ಟ್ಯಾಂಕ್ ತುಂಬಿ ಮಿಕ್ಕ ಮೇಲೆ ಮಾತ್ರ ಆ ಕಡೆಗೆ ನೀರು ಹೋಗುತ್ತಿತ್ತು. ಬೇರೆ ವಾಲ್ವ್ ಕೂರಿಸಿ, ಮೊದಲ ಸರದಿ ಅವರಿಗೇ ಅಂತ ಸಭೆಯಲ್ಲಿ ಬರೆಸಿದ್ದಕ್ಕೆ ಗಲಾಟೆ ಆಯಿತು. ಆಗಲಿ ಅಂತ ಸುಮ್ನೆ ಕೂತೆ.

ಬರೆಸಿದೆ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. ನಮ್ಮ ಕಡೆ ಮನೆಮಾತು ಬಹಳ ಜನಕ್ಕೆ ತೆಲುಗು. ಸಭೆಯಲ್ಲಿ ಜಗಳ ತೆಲುಗಲ್ಲಿ, ನಡಾವಳಿ ಕನ್ನಡದಲ್ಲಿ. ಆಡಿದ್ದು ಒಂದು, ಬರೆದಿದ್ದು ಒಂದು ಆಗಲು ಇದಕ್ಕಿಂತ ಒಳ್ಳೆ ಅವಕಾಶ ಬೇಕಾ? ಸಭೆ ಮುಗಿದು ಎದ್ದು ಹೋದ ಮೇಲೆ ಪುಸ್ತಕ ಮನೆಗೆ ಕಳಿಸಿ ಸಹಿ ಹಾಕಿಸಿಕೊಳ್ಳುವ ಪದ್ಧತಿ ಇತ್ತು. ಅದನ್ನು ನಿಲ್ಲಿಸಿದೆ. ಒಂದೊಂದು ತೀರ್ಮಾನ ಬರೆದ ತಕ್ಷಣ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅದನ್ನು ಗಟ್ಟಿಯಾಗಿ ಓದಬೇಕು, ಆಮೇಲೆ ಮುಂದಿನ ವಿಷಯ. ಓದು ಬಾರದ ಇಬ್ಬರು ಸದಸ್ಯೆಯರು ಆಮೇಲಾಮೇಲೆ ಎಲ್ಲರಿಗಿಂತ ಚೆನ್ನಾಗಿ ತಪ್ಪು ಹಿಡಿಯುತ್ತಿದ್ದರು. ಹಾಗೇ ಬಿಲ್ ಪಾವತಿಗೆ ಅಧ್ಯಕ್ಷರ ಡಿಜಿಟಲ್ ಸಹಿಯ ಡೋಂಗಲ್ ಒಂದು ಕೊಡುತ್ತಾರೆ. ಅದನ್ನು ಆಫೀಸಿನ ಡ್ರಾಯರ್‌ನಲ್ಲಿ ಬಿಟ್ಟು ಬರುವ ಅಧ್ಯಕ್ಷೆಯರು ಬೇಕಾದಷ್ಟು ಜನ. ನಾನು ಅದನ್ನು ಬೀಗದ ಕೈ ಗೊಂಚಲಿಗೆ ಕಟ್ಟಿಕೊಂಡಿದ್ದೆ. ನನ್ನ ಸಹಿಯನ್ನು ನಾನಿಲ್ಲದಾಗ ಯಾಕೆ ಹಾಕಬೇಕು?

ಮನೆಗಳಿಂದ ಬಂದಿದ್ದಕ್ಕಿಂತ ದೊಡ್ಡ ಮೊತ್ತ ಬೇರೆ ಕಡೆ ಕೂತಿತ್ತು. ಕೋಳಿ ಫಾರಂ, ಇಟ್ಟಿಗೆ ಗೂಡು, ಮೊಬೈಲ್ ಟವರ್, ಬೆಂಗಳೂರಿನವರು ಕೊಂಡು ಬೇಲಿ ಹಾಕಿಟ್ಟ ಸೈಟುಗಳು. ಹಿಂದೆ ಇವರನ್ನು ಯಾರೂ ಕೇಳಿರಲಿಲ್ಲ. ಫಾರಂನವರು ಒಬ್ಬ ಸದಸ್ಯರಿಗೆ ಬೀಗರು, ಗೂಡಿನವರು ಇನ್ನೊಬ್ಬರಿಗೆ ಸಾಲ ಕೊಟ್ಟವರು. ಹಾಗಾಗಿ ನಾನು ಒಬ್ಬೊಬ್ಬರ ಹೆಸರು ಎತ್ತಲಿಲ್ಲ. ಎಲ್ಲರಿಗೂ ಒಂದೇ ದಿನ ನೋಟಿಸ್ ಅಂತ ಒಂದೇ ತೀರ್ಮಾನ ಮಾಡಿಸಿದೆ. ಸೈಟಿನವರು ಸುಲಭ. ಮಾರಬೇಕಾದಾಗ, ಸಾಲ ಬೇಕಾದಾಗ ಇ-ಸ್ವತ್ತಿಗೆ, ಅಂದರೆ ಪಂಚಾಯಿತಿ ಆನ್‌ಲೈನ್‌ನಲ್ಲಿ ಕೊಡುವ ಆಸ್ತಿ ದಾಖಲೆಗೆ, ಬಂದೇ ಬರುತ್ತಾರೆ, ಹಳೇ ಬಾಕಿ ಆಗ ಪೂರ್ತಿ ಕಟ್ಟುತ್ತಾರೆ. ಫಾರಂನವರು ಎರಡು ಕಂತಲ್ಲಿ ಕೊಟ್ಟರು. ಟವರಿನದ್ದು ಮಾತ್ರ ನಾನು ಇಳಿಯುವ ತನಕ ಪತ್ರ ವ್ಯವಹಾರದಲ್ಲೇ ಇತ್ತು. ಆ ಫೈಲನ್ನು ಮೇಲೆಯೇ ಇಟ್ಟು ಮುಂದಿನ ಅಧ್ಯಕ್ಷರಿಗೆ ಕೊಟ್ಟೆ.

ಇನ್ನೊಂದು ವಿಷಯವನ್ನೂ ಅವರಿಗೆ ಹೇಳಿದ್ದೆ, ಬೇರೆ ಪಂಚಾಯಿತಿಯವರಿಗೂ ಉಪಯೋಗಕ್ಕೆ ಬರಬಹುದು. ಹುಣಸೆ ಹರಾಜನ್ನು ಪಂಚಾಯಿತಿ ಕಟ್ಟಡದೊಳಗೆ ಕೂಗಬೇಡಿ. ಜನವರಿಯೊಳಗೆ, ಕಾಯಿ ಮರದಲ್ಲಿ ಕಾಣುವಾಗ, ತೋಪಿನಲ್ಲೇ ನಿಂತು ಕೂಗಿ. ಅಕ್ಕಪಕ್ಕದ ನಾಲ್ಕು ಊರಲ್ಲಿ ಮೂರು ದಿನ ಮೊದಲೇ ತಮಟೆ ಹೊಡೆಸಿ. ಊರಿನ ಇಬ್ಬರು ಮೂವರು ಮಾತಾಡಿಕೊಂಡು ಬಂದರೂ ಹೊರಗಿನ ಮಂಡಿಯವರು ಒಬ್ಬರು ನಿಂತಿದ್ದರೆ ಸಾಕು, ಬೆಲೆ ಏರುತ್ತದೆ. ಕೂಗಿದ ದಿನವೇ ಅರ್ಧ ದುಡ್ಡು ಕಟ್ಟಿಸಿಕೊಳ್ಳಿ, ಉಳಿದದ್ದನ್ನು ಕಾಯಿ ಬಡಿಯುವ ಮೊದಲು.